ಗುಳ್ಳೆಗಳ ಒತ್ತಡದಲ್ಲಿ ಕಂದನ ಉಸಿರು

ಬಬಲ್ ಸಿಪ್ಯಾಪ್ ಎಂಬುದು ಎಳೆಗೂಸಿನ ಶ್ವಾಸಕೋಶ ಮುದುಡಿಕೊಳ್ಳದಂತೆ ತಡೆಯುವ ಯಂತ್ರ. ಬೆಚ್ಚಗಿನ, ತೇವಭರಿತ ಗಾಳಿ ಮತ್ತು ಆಮ್ಲಜನಕದ ಮಿಶ್ರಣ ಒಂದು ಕೊಳವೆಯ ಮೂಲಕ ಮಗುವಿನ ಮೂಗಿಗೆ ಬರುತ್ತದೆ. ಹೊರಹೋಗುವ ಕೊಳವೆಯ ತುದಿ ಬಾಟಲಿಯ ನೀರಿನಲ್ಲಿ ಮುಳುಗಿರುತ್ತದೆ. ತುದಿ 5 ಸೆಂಟಿಮೀಟರ್ ಆಳದಲ್ಲಿದ್ದರೆ ಗಾಳಿ ಅಷ್ಟು ನೀರನ್ನು ತಳ್ಳಿಯೇ ಗುಳ್ಳೆಯಾಗಿ ಮೇಲೇಳಬೇಕು. ಆ ಒತ್ತಡ ಮಗು ಉಸಿರು ಬಿಟ್ಟಾಗಲೂ ಎದೆಯೊಳಗೆ ಉಳಿಯುತ್ತದೆ. ಒತ್ತಡ ಹೆಚ್ಚಬೇಕೆಂದರೆ ಕೊಳವೆಯನ್ನು ಇನ್ನಷ್ಟು ಇಳಿಸಿದರಾಯಿತು.

ಅವಧಿಗೆ ಮುನ್ನ ಹುಟ್ಟಿದ ಮಗುವಿನಲ್ಲಿ ಗಾಳಿಗೂಡುಗಳನ್ನು ತೆರೆದಿಡುವ ಸರ್ಫ್ಯಾಕ್ಟಂಟ್ ಸಾಕಷ್ಟು ಇರುವುದಿಲ್ಲ. ಪ್ರತಿ ಉಸಿರೂ ಹೊಸ ಬಲೂನನ್ನು ಮೊದಲ ಸಲ ಊದಿದಷ್ಟು ಕಷ್ಟ. ಮಗು ನರಳುವ ಸದ್ದು ಅದರ ಸ್ವಂತ ಉಪಾಯ: ಗಂಟಲನ್ನು ಅರೆ ಮುಚ್ಚಿ ಗಾಳಿಯನ್ನು ಒಳಗೇ ತಡೆಯುತ್ತದೆ. ಅಮೆರಿಕದ ವೈದ್ಯ ಜಾರ್ಜ್ ಗ್ರೆಗರಿ ಮತ್ತು ಸಂಗಡಿಗರು ಇಂಥ ಶಿಶುಗಳಿಗೆ ನಿರಂತರ ಒತ್ತಡ ಕೊಟ್ಟ ಫಲಿತಾಂಶವನ್ನು 1971ರಲ್ಲಿ ಪ್ರಕಟಿಸಿದರು.

ಯಾವ ಮಗುವಿಗೆ ಯಾವ ನೆರವು ಎಂಬ ತೀರ್ಮಾನ ಯಂತ್ರಕ್ಕಿಂತ ಮೊದಲಿನದು. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಹೆಚ್ಚು ಉಸಿರು ಇದ್ದರೆ ಅದು ವೇಗದ ಉಸಿರಾಟ. ಪಲ್ಸ್ ಆಕ್ಸಿಮೀಟರ್ ಶೇ. 90ಕ್ಕಿಂತ ಕಡಿಮೆ ತೋರಿಸಿದರೆ ಮೂಗಿನ ನಳಿಕೆಯಲ್ಲಿ ಆಮ್ಲಜನಕ ಕೊಡಬೇಕು. ಅದರಿಂದಲೂ ಪಕ್ಕೆ ಸೆಳೆತ, ನರಳಿಕೆ ಇಳಿಯದಿದ್ದರೆ ಸಿಪ್ಯಾಪ್. ಮಗು ಉಸಿರಾಡುವುದನ್ನೇ ಮರೆಯತೊಡಗಿದರೆ, ದಣಿದು ಸೋತರೆ ವೆಂಟಿಲೇಟರ್ ಬೇಕು; ಸಿಪ್ಯಾಪ್ ಮಗುವಿನ ಬದಲಿಗೆ ತಾನು ಉಸಿರಾಡಲಾರದು. ಆಮ್ಲಜನಕ ಹೆಚ್ಚಾದರೂ ಕೇಡೇ. ಅವಧಿಪೂರ್ವ ಶಿಶುವಿನ ಕಣ್ಣಿನ ಅಕ್ಷಿಪಟಲಕ್ಕೆ ಹಾನಿಯಾಗುತ್ತದೆ. ಹಾಗಾಗಿ ಅಂಥ ಶಿಶುವಿನ ರಕ್ತದಲ್ಲಿ ಶೇ. 90ರಿಂದ 95ರ ಮಟ್ಟ ಕಾಯ್ದುಕೊಳ್ಳುತ್ತಾರೆ.

ಯಂತ್ರ ಸರಳವಾದುದರಿಂದ ಬಳಕೆಯೂ ಸರಳ ಎಂದುಕೊಳ್ಳುವುದು ಅಪಾಯ. ಢಾಕಾದ ಆಸ್ಪತ್ರೆಯೊಂದರಲ್ಲಿ ತೀವ್ರ ನ್ಯುಮೋನಿಯಾದ ಮಕ್ಕಳ ಮೇಲೆ ನಡೆದ, 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬರೀ ನಳಿಕೆಯ ಆಮ್ಲಜನಕ ಪಡೆದವರಲ್ಲಿ ಶೇ. 15, ಬಬಲ್ ಸಿಪ್ಯಾಪ್ ಪಡೆದವರಲ್ಲಿ ಶೇ. 4 ಮಕ್ಕಳು ತೀರಿಕೊಂಡರು. ಮಲಾವಿಯ ಜಿಲ್ಲಾ ಆಸ್ಪತ್ರೆಯ 2019ರ ವರದಿ ಇದಕ್ಕೆ ತದ್ವಿರುದ್ಧ: ವೈದ್ಯರ ನಿತ್ಯದ ನಿಗಾ ಇಲ್ಲದ ಆ ವಾರ್ಡಿನಲ್ಲಿ ಸಿಪ್ಯಾಪ್ ಪಡೆದ ಮಕ್ಕಳೇ ಹೆಚ್ಚು ಸತ್ತರು. ಅವರಲ್ಲಿ ಎಚ್‌ಐವಿ, ತೀವ್ರ ಅಪೌಷ್ಟಿಕತೆಯಂಥ ತೊಂದರೆಗಳೂ ಇದ್ದವು ನಿಜ. ಆದರೂ ಸಿಪ್ಯಾಪ್‌ನಿಂದ ಆಗಬಹುದಾದ ಮೂಗಿನ ಹುಣ್ಣು, ಹೊಟ್ಟೆಯುಬ್ಬರ, ಶ್ವಾಸಕೋಶ ತೂತಾಗಿ ಗಾಳಿ ಸೋರುವುದು, ಇವನ್ನೆಲ್ಲ ಕಂಡು ಹಿಡಿಯುವುದು ಮಂಚದ ಪಕ್ಕದಲ್ಲಿರುವ ನರ್ಸ್‌. ಆಕೆಯಿಲ್ಲದ ಕಡೆ ಯಂತ್ರ ಕೊಂಡರೆ ಸಾಲದು.

ತುರುವನೂರಿನಂಥ ಊರಿನಲ್ಲಿ ಹಾದಿಯದೇ ದೊಡ್ಡ ಪ್ರಶ್ನೆ. ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆ ಅಲ್ಲಿಂದ ಸುಮಾರು 20 ಕಿಲೋಮೀಟರ್. ಆ ದೂರವನ್ನು ಮಗು ಯಾವ ನೆರವಿನಿಂದ ದಾಟುತ್ತದೆ ಎಂಬುದು ಮುಂದಿನ ಚಿಕಿತ್ಸೆಯಷ್ಟೇ ಮುಖ್ಯ. ಬೆಂಗಳೂರಿನ ಇನ್‌ಆಕ್ಸೆಲ್ ಸಂಸ್ಥೆ ರೂಪಿಸಿದ ‘ಸಾನ್ಸ್’ ಇಂಥ ಪ್ರಯಾಣಕ್ಕೆಂದೇ ಮಾಡಿದ ಸಿಪ್ಯಾಪ್. ಕರೆಂಟ್ ಇಲ್ಲದಿದ್ದರೆ ಬ್ಯಾಟರಿಯಿಂದ, ಅದೂ ಮುಗಿದರೆ ಕೈಯಿಂದ ಗಾಳಿ ಒತ್ತಿ ಅದನ್ನು ನಡೆಸಬಹುದು.

ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೆ, ಮಗು ನರಳುತ್ತಿದ್ದರೆ, ಎದೆಹಾಲು ಬಿಟ್ಟರೆ, ತುಟಿ ನೀಲಿಯಾದರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಬೇಕು.