ಗುತ್ತಿಗೆಯ ಹೆಸರೂ ವ್ಯಾಪಾರಿಯ ರಕ್ಷಣೆಯೂ

ನಮ್ಮ ಅರಸೀಕೆರೆಯ ಸೀಮೆಯಲ್ಲಿ ತೆಂಗಿನ ತೋಟವನ್ನು ಗುತ್ತಿಗೆಗೆ ಹಿಡಿಯುವುದು ಹೊಸ ಸಂಗತಿಯಲ್ಲ. ತೋಟ ಒಡೆಯನದು, ದುಡಿಮೆ ಗುತ್ತಿಗೆದಾರನದು. ಮರದಲ್ಲಿ ಕಾಯಿ ಇದೆಯೋ ಇಲ್ಲವೋ ಎಂಬುದನ್ನು ತಲೆಯೆತ್ತಿ ನೋಡಿದರೆ ತಿಳಿಯುತ್ತದೆ. ಈಗ ತೋಟವನ್ನಲ್ಲ, ಹೆಸರನ್ನೇ ಗುತ್ತಿಗೆಗೆ ಹಿಡಿಯುವ ವ್ಯಾಪಾರ ಬೆಳೆದಿದೆ. ಪ್ರಸಿದ್ಧ ಸಂಸ್ಥೆಯೊಂದರ ಹೆಸರು, ಪದಾರ್ಥ ಮತ್ತು ಕ್ರಮಗಳನ್ನು ಬಳಸಿಕೊಳ್ಳುವ ಹಕ್ಕನ್ನು ಹಣ ಕೊಟ್ಟು ಪಡೆದು, ಸ್ವಂತ ಬಂಡವಾಳದಿಂದ ಅಂಗಡಿ ನಡೆಸುವ ಈ ಪದ್ಧತಿಯೇ ಫ್ರಾಂಚೈಸಿ.

2023ರಲ್ಲಿ ಬೇಲೂರು ಹಳೇಬೀಡುಗಳ ಹೊಯ್ಸಳ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಹಳೇಬೀಡನ್ನೂ ಹುಲಿಕೆರೆಯ ಕೊಳವನ್ನೂ ನೋಡಲು ಬರುವ ಪ್ರವಾಸಿಗರನ್ನು ನಂಬಿ, ಪದವೀಧರನೊಬ್ಬನು ಇಂಥ ಅಂಗಡಿಯನ್ನು ತೆರೆಯಬಯಸಿದರೆ ಆಶ್ಚರ್ಯವಿಲ್ಲ. ಆದರೆ ಆ ಬಂಡವಾಳವು ಬಹುಮಟ್ಟಿಗೆ ತಂದೆಯ ತೋಟವನ್ನು ಅಡವಿಟ್ಟು ತಂದದ್ದಾಗಿರುತ್ತದೆ. ಆದ್ದರಿಂದ ಕಾನೂನು ಅವನಿಗೆ ಎಷ್ಟರಮಟ್ಟಿನ ಆಸರೆ ನೀಡುತ್ತದೆಂಬುದನ್ನು ವಿಚಾರಿಸುವುದು ಉಚಿತ.

ಮೊದಲು ತಿಳಿಯಬೇಕಾದುದು ಇದು: ಭಾರತದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾಯಿದೆಯಿಲ್ಲ. ಅಮೆರಿಕದಲ್ಲಿ ಹೆಸರು ಕೊಡುವ ಸಂಸ್ಥೆಯು ತನ್ನ ವ್ಯಾಜ್ಯ, ಶುಲ್ಕ, ಲೆಕ್ಕಪತ್ರಗಳ ವಿವರವನ್ನು ಸಹಿಗೆ 14 ದಿನ ಮುಂಚಿತವಾಗಿ ಬರಹದಲ್ಲಿ ಕೊಡಬೇಕು. ನಮ್ಮಲ್ಲಿ ಅಂಥ ಕಡ್ಡಾಯವಿಲ್ಲ, ಕೇಳಿ ಪಡೆಯಬೇಕು. ನಮಗಿರುವ ಮುಖ್ಯ ಆಧಾರವೆಂದರೆ 1872ರ ಕರಾರು ಕಾಯಿದೆ. ಸುಳ್ಳು ಹೇಳಿ ಒಪ್ಪಿಗೆ ಪಡೆದಿದ್ದರೆ, ಮೋಸಹೋದವನು ಆ ಕರಾರನ್ನು ರದ್ದುಪಡಿಸಿಕೊಳ್ಳಬಹುದೆಂದು ಅದರ 19ನೆಯ ಕಲಮು ಹೇಳುತ್ತದೆ. ಆದರೆ "ತಿಂಗಳಿಗೆ ಇಷ್ಟು ಲಾಭ ಖಂಡಿತ" ಎಂದು ಬಾಯಲ್ಲಿ ಹೇಳಿದ ಮಾತನ್ನು ನ್ಯಾಯಾಲಯದಲ್ಲಿ ಸಿದ್ಧಪಡಿಸುವುದು ಕಷ್ಟ. ಭರವಸೆ ಏನಿದ್ದರೂ ಕಾಗದಕ್ಕೆ ಇಳಿಯಬೇಕು.

ಎರಡನೆಯದಾಗಿ, ಗುತ್ತಿಗೆಗೆ ಬರುವ ಹೆಸರು ನಿಜವಾಗಿ ಯಾರದು? ಕರ್ನಾಟಕದ್ದೇ ಒಂದು ನಿದರ್ಶನವನ್ನು ನೋಡೋಣ. ನಮ್ಮ ಹಾಲು ಮಹಾಮಂಡಲವು 1985ರಿಂದ 'ನಂದಿನಿ' ಎಂಬ ಹೆಸರನ್ನು ಬಳಸುತ್ತಿದೆ. ಬೆಂಗಳೂರಿನ 'ನಂದಿನಿ ಡೀಲಕ್ಸ್' ಹೋಟೆಲಿನವರು 1989ರಿಂದ ಆ ಹೆಸರಿಟ್ಟುಕೊಂಡಿದ್ದರು. ವ್ಯಾಜ್ಯವು ಸುಪ್ರೀಂ ಕೋರ್ಟಿನವರೆಗೂ ಹೋಗಿ, 2018ರಲ್ಲಿ ಹೋಟೆಲಿನವರ ಪರವಾಗಿ ತೀರ್ಮಾನವಾಯಿತು. ಹಾಲು ಮತ್ತು ಹಾಲಿನ ಪದಾರ್ಥಗಳಿಗೆ ಮಾತ್ರ ಅವರು ಆ ಹೆಸರನ್ನು ಬಳಸುವಂತಿಲ್ಲ. ಹೆಸರಿನ ಹಕ್ಕಿಗೂ ತೋಟದಂತೆ ಎಲ್ಲೆಕಟ್ಟು ಇದೆಯೆಂಬುದು ಇದರಿಂದ ಸ್ಪಷ್ಟ. ಆದ್ದರಿಂದ ಹೆಸರು ಯಾವ ಪದಾರ್ಥಗಳಿಗೆ, ಯಾರ ಹೆಸರಿನಲ್ಲಿ ನೋಂದಣಿಯಾಗಿದೆ, ಹತ್ತು ವರ್ಷಗಳ ನೋಂದಣಿ ನವೀಕರಣವಾಗಿದೆಯೇ ಎಂಬುದನ್ನು ಸರ್ಕಾರದ ಟ್ರೇಡ್ ಮಾರ್ಕು ದಾಖಲೆಯಲ್ಲಿ ನೋಡಿಕೊಳ್ಳಬೇಕು. ದೊಡ್ಡ ಹೆಸರು ಹೇಳಿಕೊಂಡು ಮುಂಗಡ ಕೀಳುವ ಠಕ್ಕರಿಗೆ ಇದೇ ಮದ್ದು.

ಮೂರನೆಯದು, ಬಿಡುಗಡೆಯ ಪ್ರಶ್ನೆ. ಕರಾರು ನಡೆಯುತ್ತಿರುವಾಗ ಪ್ರತಿಸ್ಪರ್ಧಿಯ ಸರಕನ್ನು ಮುಟ್ಟಬಾರದೆಂಬ ನಿಬಂಧನೆ ಊರ್ಜಿತವೆಂದು, ಗುಜರಾತ್ ಬಾಟ್ಲಿಂಗ್ ಕಂಪನಿಗೂ ಕೋಕ ಕೋಲಕ್ಕೂ ನಡೆದ ಮೊಕದ್ದಮೆಯಲ್ಲಿ 1995ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕರಾರು ಮುಗಿದ ಮೇಲೂ ಆ ಕಸುಬನ್ನೇ ಮಾಡಬಾರದೆಂಬ ನಿರ್ಬಂಧವು 27ನೆಯ ಕಲಮಿನ ಮುಂದೆ ಸಾಮಾನ್ಯವಾಗಿ ನಿಲ್ಲದು. ಹಾಗೆಂದು ಆ ಸಂಸ್ಥೆಯ ಹೆಸರನ್ನಾಗಲಿ ಗುಟ್ಟಿನ ಪಾಕವಿಧಾನವನ್ನಾಗಲಿ ಉಳಿಸಿಕೊಳ್ಳುವಂತಿಲ್ಲ. ಕರಾರು ಮುರಿದರೆ ತೆರಬೇಕಾದ ದಂಡದ ಮೊತ್ತವನ್ನು ಎಷ್ಟೇ ಬರೆದಿರಲಿ, 74ನೆಯ ಕಲಮಿನಂತೆ ನ್ಯಾಯಾಲಯ ಕೊಡಿಸುವುದು ಆ ಮಿತಿಯೊಳಗಿನ ಯುಕ್ತವಾದ ಪರಿಹಾರವನ್ನಷ್ಟೆ.

ಇನ್ನು ನಷ್ಟದಿಂದ ಪಾರಾಗುವ ಮುನ್ನೆಚ್ಚರಿಕೆಗಳು. ಕರಾರು ಐದು ವರ್ಷಕ್ಕಿದ್ದು ಮಳಿಗೆಯ ಬಾಡಿಗೆ ಪತ್ರ ಹನ್ನೊಂದು ತಿಂಗಳದ್ದಾದರೆ, ನಡುವೆ ಮಾಲೀಕನು ಏಳೆಂದರೆ ಗತಿಯೇನು? ಎರಡರ ಅವಧಿಯೂ ಹೊಂದಬೇಕು. ವರ್ಷ ಮೀರಿದ ಬಾಡಿಗೆ ಪತ್ರವನ್ನು ನೋಂದಾಯಿಸಬೇಕು. ಅದೇ ಊರಿನಲ್ಲಿ ಅದೇ ಹೆಸರಿನ ಎರಡನೆಯ ಅಂಗಡಿಗೆ ಅನುಮತಿ ಕೊಡಬಾರದೆಂಬ ಷರತ್ತು ಇರಬೇಕು. ವ್ಯಾಜ್ಯ ಎಲ್ಲಿ ತೀರ್ಮಾನವಾಗಬೇಕೆಂಬ ಸಾಲನ್ನು ತಪ್ಪದೆ ಓದಬೇಕು. ದೆಹಲಿ ಎಂದಿದ್ದರೆ ಹುಲಿಕೆರೆಯವನಿಗೆ ರೈಲಿನ ಖರ್ಚೇ ಸೋಲಾದೀತು. ತಿಂಡಿಯ ಅಂಗಡಿಯಾದರೆ 2006ರ ಆಹಾರ ಸುರಕ್ಷತಾ ಕಾಯಿದೆಯಂತೆ ಮಾರಿದವನೂ ಹೊಣೆಗಾರ. ಸರಕು ಕೊಂಡ ಬಿಲ್ಲುಗಳನ್ನು ಜೋಪಾನವಾಗಿಟ್ಟವನಿಗೆ ತನ್ನ ತಪ್ಪಿಲ್ಲವೆಂದು ತೋರಿಸಲು ದಾರಿಯುಂಟು. ಬೆಂಕಿ ಕಳವುಗಳಿಗೆ ವಿಮೆಯಿರಲಿ. ಒಬ್ಬನೇ ಮಾಲೀಕನಾದರೆ ಅಂಗಡಿಯ ಸಾಲ ಮನೆಯವರೆಗೂ ಬರುತ್ತದೆ. 2008ರ ಕಾಯಿದೆಯ ಸೀಮಿತ ಹೊಣೆಯ ಪಾಲುದಾರಿಕೆ ಇದನ್ನು ತಡೆಯಬಲ್ಲುದು. ಆದರೆ ಬ್ಯಾಂಕಿಗೆ ಸ್ವಂತ ಜಾಮೀನು ಬರೆದುಕೊಟ್ಟರೆ ಆ ಬೇಲಿಯನ್ನು ನಾವೇ ಕಿತ್ತಂತೆ.

ಹೆಸರು ಪರರದು, ನಷ್ಟ ಮಾತ್ರ ಪೂರ್ತಿ ನಮ್ಮದು. ಈ ವ್ಯಾಪಾರದ ಸಾರ ಇಷ್ಟೇ. ಹಾಗೆಂದು ಅಂಜಿ ಕೂಡಬೇಕಾಗಿಲ್ಲ. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದರು ಎಂಬ ಗಾದೆಯುಂಟು. ಸಹಿ ಹಾಕಿದ ಮೇಲೆ ವಕೀಲರನ್ನು ಹುಡುಕುವುದು ಅಂಥದೇ. ಸಹಿಗೆ ಮುಂಚೆ ಅವರಿಗೆ ಕೊಡುವ ಅಲ್ಪ ಶುಲ್ಕದಿಂದ ಒಂದು ಮನೆತನದ ತೋಟ ಉಳಿಯಬಹುದು.