ಧರ್ಮಾಂಬುಧಿಯ ಏರಿಯ ಗುಂಟ: ಮೆಜೆಸ್ಟಿಕ್ ಪರಿಸರದ ಚಾರಿತ್ರಿಕ ಕಾಲ್ನಡಿಗೆ

ಧರ್ಮಾಂಬುಧಿ, ಕೆಂಪಾಂಬುಧಿ ಎಂಬ ಬೆಂಗಳೂರಿನ ಕೆರೆಗಳ ಹೆಸರುಗಳಲ್ಲಿರುವ ‘ಅಂಬುಧಿ’ ಎಂಬ ಪದಕ್ಕೆ ಸಮುದ್ರವೆಂದು ಅರ್ಥ. ಕಡಲಿನಿಂದ ಬಹುದೂರದಲ್ಲಿರುವ, ದೊಡ್ಡ ನದಿಯೊಂದರ ಆಸರೆಯೂ ಇಲ್ಲದ ಊರು ಮಳೆನೀರಿನ ಕೆರೆಯನ್ನು ಹೀಗೆ ಕರೆದುದರಲ್ಲಿ ಉತ್ಪ್ರೇಕ್ಷೆಗಿಂತ ಕೃತಜ್ಞತೆಯೇ ಹೆಚ್ಚೆನ್ನಬೇಕು. ಪೇಟೆಗೆ ನೀರುಣಿಸಿದ ಧರ್ಮಾಂಬುಧಿಯ ಅಂಗಳವೇ ಇಂದಿನ ಕೆಂಪೇಗೌಡ ಬಸ್ ನಿಲ್ದಾಣ; ಜನರ ಬಾಯಲ್ಲಿ ಅದು ಮೆಜೆಸ್ಟಿಕ್. ಮಂಗಳೂರಿನ ಹಳೆಯ ಬಂದರಿನಲ್ಲಿ ಅಡ್ಡಾಡುವವರಿಗೆ ನೀರೇ ದಿಕ್ಕು ತೋರಿಸುತ್ತದೆ. ಇಲ್ಲಿ ಮಾರ್ಗದರ್ಶಕರಿಲ್ಲದೆ ನಡೆಯುವವರಿಗೆ ಸ್ಥಳನಾಮಗಳೇ ಆಧಾರ.

ನಡಿಗೆಯನ್ನು ರೈಲು ನಿಲ್ದಾಣದಿಂದ ಆರಂಭಿಸುವುದು ಯುಕ್ತ. 1864ರಲ್ಲಿ ದಂಡುಪ್ರದೇಶವನ್ನು ಮುಟ್ಟಿದ ರೈಲುಮಾರ್ಗ 1882ರ ವೇಳೆಗೆ ಮೈಸೂರಿನವರೆಗೆ ಮುಂದುವರಿಯಿತು. ಕೆರೆಗೆ ನೀರು ತರುತ್ತಿದ್ದ ಕಾಲುವೆಗಳಿಗೆ ಹಳಿಗಳು ಅಡ್ಡಬಂದುದು ಅದು ಬತ್ತಲು ಒಂದು ಕಾರಣವೆಂದು ಹೇಳಲಾಗುತ್ತದೆ. 1890ರ ದಶಕದಲ್ಲಿ ಹೆಸರಘಟ್ಟದ ನೀರು ಕೊಳವೆಗಳಲ್ಲಿ ಬರತೊಡಗಿದ ಮೇಲೆ ಕೆರೆಯ ಹಂಗು ಊರಿಗೆ ಉಳಿಯಲಿಲ್ಲ. ಎದುರಿಗೇ ಇರುವ ಗುಬ್ಬಿ ತೋಟದಪ್ಪನವರ ಛತ್ರ ರೈಲಿಳಿದು ಬಂದ ಪರಸ್ಥಳದವರಿಗಾಗಿ ವ್ಯಾಪಾರಿಯೊಬ್ಬರು ಮಾಡಿದ ಧರ್ಮಕಾರ್ಯ. ಬಂದರಿನಲ್ಲಿ ಹಡಗಿನವರಿಗೆ ತಂಗುದಾಣವಿರುವಂತೆ, ಇಲ್ಲಿ ರೈಲಿನವರಿಗೆ ಛತ್ರ.

ಅಲ್ಲಿಂದ ಬಸ್ ನಿಲ್ದಾಣದ ಅಂಚಿಗೆ ಬಂದರೆ ಟ್ಯಾಂಕ್ ಬಂಡ್ ರಸ್ತೆ. ನಿತ್ಯ ಈ ಹೆಸರನ್ನು ಉಚ್ಚರಿಸುವವರಲ್ಲಿ ಅದು ‘ಕೆರೆಯ ಏರಿ’ ಎಂದು ಗಮನಿಸುವವರು ವಿರಳ. ನೀರು ಹೋದರೂ ಏರಿ ಹೆಸರಿನಲ್ಲಿ ನಿಂತಿದೆ. ಇದಕ್ಕೆ ವ್ಯತಿರಿಕ್ತವಾದುದು ‘ಮೆಜೆಸ್ಟಿಕ್’ ಎಂಬ ಹೆಸರಿನ ಕಥೆ. ಚಿತ್ರಮಂದಿರವೊಂದರ ಹೆಸರು ಇಡೀ ಪ್ರದೇಶಕ್ಕೆ ಹರಡಿತು. ಚಿತ್ರಮಂದಿರ ಅಳಿದರೂ ಹೆಸರು ಅಳಿಯಲಿಲ್ಲ. ನಿಲ್ದಾಣಕ್ಕೆ ಕೆಂಪೇಗೌಡರ ಹೆಸರನ್ನಿಟ್ಟ ಮೇಲೂ ಬಸ್ ನಿರ್ವಾಹಕರ ಕೂಗು ಬದಲಾಗಲಿಲ್ಲ. ನೆಲದಡಿಯ ಮೆಟ್ರೊ ನಿಲ್ದಾಣ 2016ರಲ್ಲಿ ತೆರೆದಾಗ ನಾಡಪ್ರಭುವಿನ ಹೆಸರಿನ ಜೊತೆಗೆ ಮೆಜೆಸ್ಟಿಕ್ ಎಂಬುದನ್ನೂ ಬಳಸಬೇಕಾಯಿತು.

ಈ ನಡಿಗೆಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ಸ್ಥಳ ಅಣ್ಣಮ್ಮದೇವಿಯ ಗುಡಿ. ಬಸ್ಸುಗಳ ಗದ್ದಲದ ನಡುವೆ ಈ ಗುಡಿ ಅಸಂಗತವಾಗಿ ಕಾಣುವುದು ಸಹಜ. ಕೆರೆಯನ್ನು ಮನಸ್ಸಿನಲ್ಲಿ ಅದರ ಸ್ಥಾನಕ್ಕೆ ಮರಳಿಸಿ ನೋಡಿದರೆ ಮಾತ್ರ ಅರ್ಥ ತಿಳಿಯುತ್ತದೆ: ಊರಿನ ಅಂಚು, ಕೆರೆಯ ದಂಡೆ, ಅಲ್ಲಿ ರೋಗರುಜಿನಗಳನ್ನು ತಡೆಯುವ ತಾಯಿ. ದಕ್ಷಿಣ ಕರ್ನಾಟಕದ ಗ್ರಾಮದೇವತೆಗಳ ನೆಲೆ ಬಹುಮಟ್ಟಿಗೆ ಇಂಥದೇ. 1898ರ ಪ್ಲೇಗ್ ಕಂಡ ನಗರದಲ್ಲಿ ಇಂಥ ತಾಯಂದಿರ ಮಹತ್ತ್ವ ಎಷ್ಟಿದ್ದಿರಬೇಕೆಂಬುದನ್ನು ಊಹಿಸಬಹುದು. ಕೆರೆ–ಕೋಟೆಗಳೊಂದಿಗೆ ಹೆಣ್ಣಿನ ಬಲಿಯನ್ನು ಹೆಣೆಯುವ ಆಶಯವನ್ನೂ ಇಲ್ಲಿ ನೆನೆಯಬಹುದು. ‘ಕೆರೆಗೆ ಹಾರ’ದ ಭಾಗೀರಥಿ ಕೆರೆಗಾದಳು, ಐತಿಹ್ಯದಂತೆ ಕೆಂಪೇಗೌಡರ ಸೊಸೆ ಲಕ್ಷ್ಮಮ್ಮ ಕೋಟೆಬಾಗಿಲಿಗಾದಳು. ಇಬ್ಬರೂ ಸೊಸೆಯರೆಂಬುದು ಕಾಕತಾಳೀಯವೆನ್ನಲಾಗದು.

ಸಂಪಂಗಿ ಕೆರೆಯ ಪ್ರಸಂಗವನ್ನು ಹೋಲಿಸಿ ನೋಡಬೇಕು. ಆ ಕೆರೆಯಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಆದರೆ ಕರಗದ ವಿಧಿಗಳಿಗೆ ನೀರು ಬೇಕಾದುದರಿಂದ ಅಲ್ಲಿ ಚಿಕ್ಕ ಕೊಳವೊಂದು ಉಳಿಯಿತು. ತಿಗಳ ಸಮುದಾಯದ ಆಚರಣೆ ಕೆರೆಯ ತುಣುಕೊಂದನ್ನು ಕಾಪಾಡಿತು. ಧರ್ಮಾಂಬುಧಿಯ ಬಳಿ ದೇವತೆ ಉಳಿದಳು, ನೀರು ಉಳಿಯಲಿಲ್ಲ. ಹಾಗಾಗಿ ಏರಿಯ ಹೆಸರಿನ ಆ ರಸ್ತೆಗೆ ನಾಳೆ ಬೇರೆ ಹೆಸರಿಟ್ಟರೆ ಕೆರೆಯ ಗುರುತು ದಾಖಲೆಗಳ ಪುಟಗಳಿಗೆ ಸರಿಯುವ ಸಂಭವವಿದೆ.

ಅಣ್ಣಮ್ಮ ಮಾತ್ರ ಗುಡಿಗೆ ಸೀಮಿತಳಾಗಿಲ್ಲ. ನಗರದ ಬಡಾವಣೆಗಳ ಜನ ಬೀದಿಯಲ್ಲಿ ಚಪ್ಪರ ಹಾಕಿ, ಉತ್ಸವಮೂರ್ತಿಯನ್ನು ಕರೆತಂದು ಕೂರಿಸುತ್ತಾರೆ. ರಾತ್ರಿ ಚಲನಚಿತ್ರಗೀತೆಗಳ ವಾದ್ಯಗೋಷ್ಠಿಯೂ ನಡೆಯುತ್ತದೆ. ಉತ್ಸವ ಮುಗಿದ ಮೇಲೆ ತಾಯಿ ಹಿಂದಿರುಗುವುದು ಮೆಜೆಸ್ಟಿಕ್ಕಿಗೇ, ಬತ್ತಿದ ಕೆರೆಯ ದಂಡೆಗೆ.