ಕಂಟ್ರೋಲರ್ ಬದಲಿಸುವ ಮೊದಲು ಮೀಟರ್ ಹಿಡಿಯಿರಿ

ಕಳೆದ ಮೇ ತಿಂಗಳಲ್ಲಿ ಕೆರೆ ಅರ್ಧ ತೋಡಿದ್ದಾಗ ನಮ್ಮ ಎಕ್ಸ್‌ಕವೇಟರಿನ ಇಂಜಿನ್ ರೈಸ್ ಆಗುವುದು ನಿಂತಿತು. ಪರದೆಯಲ್ಲಿ ಸಂಪರ್ಕ ತಪ್ಪಿದ ಕೋಡ್. ಮಳೆ ಎದುರಿಗೇ ಇತ್ತು. ಬಂದ ಮೆಕ್ಯಾನಿಕ್ ‘ಕಂಟ್ರೋಲರೇ ಹೋಗಿದೆ, ಲಕ್ಷ ದಾಟ್ತದೆ’ ಎಂದರು.

ಈ ಯಂತ್ರಗಳಲ್ಲಿ ಇಂಜಿನ್, ಪಂಪು, ಪರದೆಯ ಕಂಟ್ರೋಲರುಗಳು ಮಾತಾಡಿಕೊಳ್ಳುವುದು ಹುರಿ ಮಾಡಿದ ಎರಡು ವಯರುಗಳಲ್ಲಿ. ಹೆಸರು ‘ಕ್ಯಾನ್’. 1986ರಲ್ಲಿ ಬಾಷ್ ಕಂಪೆನಿ ವಾಹನಗಳಿಗಾಗಿ ಪರಿಚಯಿಸಿದ್ದು. ಸಾಮಾನ್ಯವಾಗಿ ಸಾಲಿನ ಎರಡೂ ತುದಿಗಳಲ್ಲಿ 120 ಓಮಿನ ಒಂದೊಂದು ರೆಸಿಸ್ಟರ್ ಇರುತ್ತದೆ. ಬ್ಯಾಟರಿ ಕಳಚಿ, ಸರ್ವಿಸ್ ಸಾಕೆಟ್ಟಿನ ಆ ಎರಡು ಪಿನ್ನುಗಳಿಗೆ ಮಲ್ಟಿಮೀಟರ್ ಹಿಡಿದರೆ ಸುಮಾರು 60 ಓಮ್ ಬರಬೇಕು. 120 ಬಂದರೆ ಎಲ್ಲೋ ಸಾಲು ತುಂಡಾಗಿದೆ. ಸೊನ್ನೆಯ ಹತ್ತಿರವಾದರೆ ವಯರುಗಳು ಒಂದಕ್ಕೊಂದು ತಾಗಿವೆ. ಯಾವ ಪಿನ್ನು ಅಂತ ವಯರಿಂಗ್ ನಕ್ಷೆ ನೋಡಿ, ಅಂದಾಜು ಬೇಡ.

ನಮ್ಮದು 120 ತೋರಿಸಿತು. ವಯರಿನ ಜಾಡು ಹಿಡಿದು ಹೋದರೆ, ಸೀಟಿನ ಹಿಂದಿನ ಕನೆಕ್ಟರಿನಲ್ಲಿ ನೀರಿಳಿದು ಪಿನ್ನಿಗೆ ಹಸಿರು ಕಿಲುಬು! ಕನೆಕ್ಟರ್ ಬದಲಿಸಿದೆವು, 60 ಬಂತು. ಕೆರೆ ಕೆಲಸ ಮಳೆಗೆ ಮೊದಲೇ ಮುಗಿಯಿತು.

60 ಇದ್ದೂ ದೋಷ ಆಗಾಗ ಬಂದುಹೋಗುವುದುಂಟು. ಆಗ ಮೀಟರ್ ನೋಡುತ್ತಾ ವಯರಿನ ಕಟ್ಟನ್ನು ಅಲುಗಾಡಿಸಿ. ಇಲಿ ಕಡಿದದ್ದೂ ಹಾಗೇ ಸಿಗ್ತದೆ.